ಮುಸುರೆ

ಮೆಗ್ಗಾನ್ ಆಸ್ಪತ್ರೆ ಎದುರಿನ ಮಹಡಿಯಲ್ಲಿ
ಡಾಕ್ಟರು ನನ್ನ ಕರುಳಿನ ಫೋಟೋ ತೋರಿಸಿದರು.
ಪೈರು ನಿಂತಿರಬೇಕಿತ್ತಂತೆ ಅಲ್ಲಿ, ಗದ್ದೆಯ ಹಾಗೆ.
ಕೊಯ್ದ ಮೇಲಿನ ಕೂಳೆಯಷ್ಟೇ ಇತ್ತು.
"ಗೋಧಿ ಬಿಡಿ. ಮೈದಾ, ರವೆ, ಶ್ಯಾವಿಗೆ, ಎಲ್ಲ.
ಜೀವ ಇರುವ ತನಕ."
ಅತ್ತೆನೇ? ಇಲ್ಲ. ಅಳು ನಿಂತು ಎಂಟು ತಿಂಗಳಾಗಿತ್ತು.

ಅದಕ್ಕೆ ಬೇರೆ ಡಾಕ್ಟರು, ಬೇರೆ ಮಾತ್ರೆ.
ಖಿನ್ನತೆ ಎಂದು ಬರೆದುಕೊಟ್ಟಿದ್ದರು;
ಮನೆಯಲ್ಲಿ ಅದರ ಹೆಸರು ಬೇಜಾರು.
ಬೇಜಾರೆಂದರೆ ಜನ ಸಿನಿಮಾಕ್ಕೆ ಹೋಗು ಎನ್ನುತ್ತಾರೆ,
ಗಾಜನೂರು ಡ್ಯಾಮು ನೋಡಿ ಬಾ ಎನ್ನುತ್ತಾರೆ.
ಹೋಗಿದ್ದೆ. ನೀರಿತ್ತು. ಬಂದೆ.

"ಹೊಟ್ಟೆಗೆ ಹಾಕಿಕೊಂಡು ನಡಿ" ಅಂದಿದ್ದಳು ಅಮ್ಮ,
ಭದ್ರಾವತಿಯ ಪೇಪರ್ ಟೌನ್ ಕ್ವಾರ್ಟರ್ಸಿನ ಬಾಗಿಲಲ್ಲಿ,
ಬೇರೆ ಜಾತಿಯ ಮನೆಗೆ ನಾನು ಹೊರಟ ದಿನ.
ಹಾಕಿಕೊಂಡೆ. ಹದಿನೇಳು ವರ್ಷ.
ಅತ್ತೆ ಶೇಷಮ್ಮ ಒಲೆಯ ಪಕ್ಕ ಎಳೆದ ಕಾಣದ ಗೆರೆ,
ಅನ್ನ ಬಡಿಸಿದ ನನ್ನ ಕೈ ಮೊಸರಿನ ಗಡಿಗೆಗೆ ತಾಗಿದರೆ
"ಮುಸುರೆ!" ಎಂಬ ಸಣ್ಣ ದನಿ,
ನನ್ನ ಲೋಟ ಕಿಟಕಿಯ ಮೇಲೆ, ಬೇರೆ.
ಇದರಲ್ಲಿ ಗೋಧಿ ಮಾಡಿದ್ದೆಷ್ಟು, ಇದು ಮಾಡಿದ್ದೆಷ್ಟು,
ಬಿಡಿಸಿ ಹೇಳುವ ಲ್ಯಾಬು ಯಾವುದು ಡಾಕ್ಟರೇ?

ಮೊದಲ ತಿಂಗಳು ಡಬ್ಬಿಗಳ ಬೆನ್ನು ಓದಿದೆ.
ಸೋಯಾ ಸಾಸಿನಲ್ಲಿ ಗೋಧಿ; ಇರಲಿ, ಅದು ನಮ್ಮದಲ್ಲ.
ಇಂಗಿನಲ್ಲೂ ಗೋಧಿ!
ಸಾರಿಗೊಂದು ಚಿಟಿಕೆ, ಗೊಜ್ಜಿಗೊಂದು ಚಿಟಿಕೆ,
ಇಷ್ಟು ದಿನ ನನ್ನನ್ನು ತಿಂದದ್ದು ಆ ಪುಟ್ಟ ಹಳದಿ ಡಬ್ಬಿ.
ಅಡುಗೆಮನೆಯ ನೆಲದಲ್ಲಿ ಕೂತೆ,
ಇಂಗು ತಿಂದ ಮಂಗನ ಹಾಗೆ.
ನಗು ಬರಬೇಕಿತ್ತು. ತಡವಾಗಿ, ರಾತ್ರಿ ಹಲ್ಲುಜ್ಜುವಾಗ ಬಂತು,
ಅರ್ಧ.

ಬೇಜಾರಿನ ಮಾತ್ರೆಯಲ್ಲೂ ಗೋಧಿ ಇದೆಯೇ ಎಂದದ್ದಕ್ಕೆ
ಮೆಡಿಕಲ್ಲಿನ ಹುಡುಗ ಕಂಪನಿಗೆ ಫೋನು ಹಚ್ಚಿದ.
ಇಪ್ಪತ್ತು ನಿಮಿಷ ಇಬ್ಬರೂ ನಿಂತು
ಅವರ ಕಾಯಿಸುವ ಸಂಗೀತ ಕೇಳಿದೆವು.

ಆಫೀಸಿನಲ್ಲಿ ಸಫೂರಾ ತಂದ ಶೀರ್‌ಕುರ್ಮಾ ಪಕ್ಕಕ್ಕೆ ಸರಿಸಿದೆ.
ಹಾಲೇಶಪ್ಪ ನಕ್ಕರು: "ಓಹೋ, ನಿಮಗೂ ಮಡಿ ಬಂತಾ ಮೇಡಂ?"
"ಒಂದು ಚೂರು ಚಪಾತಿಗೆ ಏನಾಗತ್ತೆ" ಅಂದರು ನನ್ನವರು,
ಪ್ರೀತಿಯಿಂದಲೇ.

ಅರ್ಥವಾದದ್ದು ಒಬ್ಬರಿಗೇ.
ಲಟ್ಟಣಿಗೆ ಬೇರೆ ಇರಬೇಕು, ಸೌಟು ಬೇರೆ,
ತಾಗಿದರೆ ತಾಗಿದ್ದೂ ಕೆಟ್ಟಿತು,
ಕಣ್ಣಿಗೆ ಕಾಣದ ಧೂಳೂ ಸಾಕು ಎಂದು
ನಾನು ಡಾಕ್ಟರ ಚೀಟಿ ಓದುತ್ತಿದ್ದರೆ
ಹೂಬತ್ತಿ ಹೊಸೆಯುತ್ತ, ತಲೆಯೆತ್ತದೆ ಶೇಷಮ್ಮ:
"ಅಷ್ಟೇ ತಾನೆ? ಮುಸುರೆ."

ಆಯುಸ್ಸೆಲ್ಲ ಅನ್ನವನ್ನು ಮುಸುರೆ ಎಂದವರು,
ಶನಿವಾರದ ರಾತ್ರಿ ಗೋಧಿಯೇ ಫಲಾಹಾರ ಎಂದವರು,
ಎಂಬತ್ತೊಂದರಲ್ಲಿ ಒಂದೇ ಮಾತಿಗೆ ತಿರುವುಮುರುವು ಮಾಡಿದರು.
ಅಟ್ಟದಿಂದ ಕಬ್ಬಿಣದ ಕಾವಲಿ ಇಳಿಸಿಸಿ
ಹುಣಸೆ ಹಾಕಿ ತಿಕ್ಕಿ, ಹಿಡಿಗೆ ಕೆಂಪು ದಾರ ಸುತ್ತಿದರು.
ಮಗ ಕೈಹಾಕಲು ಹೋದರೆ
"ಮುಟ್ಟಬೇಡ! ಅದು ಅವಳದು."
ಅದೇ ಸಣ್ಣ ದನಿ.

ಕರಗಿಹೋದೆ ಎಂದು ಬರೆದರೆ ಸುಳ್ಳು.
ಲೋಟ ಇನ್ನೂ ಕಿಟಕಿಯ ಮೇಲೇ ಇದೆ.
ತಮ್ಮ ಗೆರೆ ಅವರು ಅಳಿಸಲಿಲ್ಲ,
ನನಗೂ ಒಂದು ಎಳೆದುಕೊಟ್ಟರು.
ಸಿಟ್ಟು ಬಂತು. ಸಿಟ್ಟು!
ಅದು ಈ ಕಡೆ ಬಂದು ಎಷ್ಟು ದಿನವಾಗಿತ್ತು.

ಈಗಲೂ ಏಳಲಾಗದ ಬೆಳಗು ಬರುತ್ತವೆ.
ಗೋಡೆಗೆ ಮುಖಮಾಡಿ ಮಲಗಿದ್ದರೂ ಕೇಳಿಸುತ್ತದೆ
ಅಕ್ಕಿರೊಟ್ಟಿ ತಟ್ಟುವ ನಡುಗುವ ಕೈಯ ತಪ್ಪು ತಾಳ.
ಒಂದಂಚು ದಪ್ಪ, ನಡುವೆ ತೂತು.
ಕೆಲವು ದಿನ ಎದ್ದು ತಿನ್ನುತ್ತೇನೆ.
ಕೆಲವು ದಿನ ಅದು ತಟ್ಟೆಯಲ್ಲೇ ತಣ್ಣಗಾಗುತ್ತದೆ,
ಮಧ್ಯಾಹ್ನದವರೆಗೂ, ಮುಚ್ಚಿಟ್ಟ ಹಾಗೆಯೇ.
ಯಾರೂ ಮುಟ್ಟುವುದಿಲ್ಲ.